ಕವಿ-ಕಲಾವಿದರ ಜಾಲತಾಣಗಳು: ಬಂಡೆಗಲ್ಲಿನಿಂದ ಬೆಳಕಿನ ಪರದೆಯವರೆಗೆ

ಕಾವ್ಯವನ್ನು ರಚಿಸಿದವನಿಗೂ ಪ್ರತಿಮೆಯನ್ನು ಕಡೆದವನಿಗೂ ತನ್ನ ಹೆಸರು ಕೃತಿಯೊಡನೆ ಬಾಳಬೇಕೆಂಬ ಆಸೆ ಸಹಜವಾದುದು. ಆಲಂಕಾರಿಕನಾದ ಮಮ್ಮಟನು ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಯಶಸ್ಸನ್ನೇ ಮೊದಲು ಹೇಳಿರುವುದು ಈ ಮನುಷ್ಯಸ್ವಭಾವವನ್ನು ಬಲ್ಲವನಾದುದರಿಂದಲೇ. ಓದುವವನ ಪಕ್ಷದಿಂದ ನೋಡಿದರೂ, ಈ ಮಾತನ್ನು ಹೇಳಿದವರು ಯಾರು, ಯಾವ ಊರಿನವರು, ಯಾವ ಕಾಲದವರು, ಮತ್ತೇನನ್ನು ಬರೆದಿರುವರು ಎಂದು ಕೇಳುವ ಹಕ್ಕು ಅವನಿಗುಂಟು. ಕರ್ತೃವಿನ ಆಸೆಯೂ ಓದುಗನ ಹಕ್ಕೂ ಎಲ್ಲಿ ಸಂಧಿಸುವುವೋ ಅಲ್ಲಿ ಒಂದು ಪುಟ ಹುಟ್ಟುತ್ತದೆ. ಅದು ಒಮ್ಮೆ ಬಂಡೆಯ ಮೇಲಿತ್ತು. ಬಳಿಕ ಓಲೆಗರಿಯ ಕೊನೆಗೆ ಬಂದಿತು. ಅನಂತರ ಅಚ್ಚಿನ ಪುಸ್ತಕದ ಮುಖಪತ್ರವಾಯಿತು. ಈಗ ಅಂತರ್ಜಾಲದಲ್ಲಿ ಜಾಲತಾಣವೆಂಬ ಹೆಸರನ್ನು ತಾಳಿದೆ.

ಈ ಕಾಲದಲ್ಲಿ ಒಂದು ಕಥಾಸಂಕಲನವನ್ನು ಪ್ರಕಟಿಸಿದವರೂ ನಾಲ್ಕು ಚಿತ್ರಗಳನ್ನು ಬರೆದವರೂ ತಮ್ಮದೊಂದು ಜಾಲತಾಣವನ್ನು ಮಾಡಿಸುತ್ತಾರೆ. ಅವುಗಳಲ್ಲಿ ಯಾವುದು ಚೆನ್ನು, ಯಾವುದು ಅಲ್ಲವೆಂದು ನಿರ್ಣಯಿಸುವವರು ಸಾಮಾನ್ಯವಾಗಿ ಬಣ್ಣವನ್ನೂ ಬೆಡಗನ್ನೂ ನೋಡುವರು. ಹೊಸ ವಸ್ತುವಿಗೆ ಹೊಸ ಅಳತೆಗೋಲೇ ಬೇಕೆಂದು ಅವರ ಭಾವನೆ. ವಾಸ್ತವವಾಗಿ ಕನ್ನಡ ನಾಡಿನಲ್ಲಿ ಈ ಕೆಲಸ ಸಾವಿರದ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದು ಬಂದಿದೆ. ಅದರ ಗುಣದೋಷಗಳನ್ನು ತೂಗಲು ತಕ್ಕ ಅಳತೆಯೂ ಆ ಚರಿತ್ರೆಯಲ್ಲಿಯೇ ದೊರೆಯುತ್ತದೆ. ಅದನ್ನು ಕ್ರಮವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

೧. ಬಂಡೆಯ ಮೇಲಣ ಪುಟ

ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯಲ್ಲಿ ಕ್ರಿ.ಶ. ೬೩೪ರ ಶಾಸನವೊಂದಿದೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ಅದು ಸಂಸ್ಕೃತ ಪದ್ಯಗಳಲ್ಲಿ ವರ್ಣಿಸುತ್ತದೆ. ಅದನ್ನು ಬರೆದ ರವಿಕೀರ್ತಿಯು ಕೊನೆಯಲ್ಲಿ ತನ್ನ ಹೆಸರನ್ನು ಹೇಳಿ, ಕವಿತೆಯಲ್ಲಿ ಕಾಳಿದಾಸ ಭಾರವಿಗಳ ಕೀರ್ತಿಯನ್ನು ತಾನು ಪಡೆದಿರುವುದಾಗಿಯೂ ಸಾರಿಕೊಂಡಿದ್ದಾನೆ. ಇದು ಆತ್ಮಪ್ರಶಂಸೆಯಲ್ಲವೇ ಎಂದರೆ ಅಹುದು. ಆದರೆ ಆ ಪ್ರಶಂಸೆಯಿಂದ ಲೋಕಕ್ಕೆ ಆದ ಉಪಕಾರ ಸಾಮಾನ್ಯವಲ್ಲ. ಶಾಸನಕ್ಕೆ ಶಕವರ್ಷದ ನಿರ್ದೇಶವಿರುವುದರಿಂದ, ಕಾಳಿದಾಸನೂ ಭಾರವಿಯೂ ೬೩೪ಕ್ಕೆ ಮೊದಲೇ ಪ್ರಸಿದ್ಧರಾಗಿದ್ದರೆಂಬುದು ಸಿದ್ಧವಾಯಿತು. ಕಾಲವನ್ನು ನಮೂದಿಸಿದ ಹೊಗಳಿಕೆ ಚರಿತ್ರೆಗೆ ಆಧಾರವಾಯಿತು. ಕಾಲವನ್ನು ಹೇಳದಿದ್ದರೆ ಬರಿಯ ಹೊಗಳಿಕೆಯಾಗಿಯೇ ಉಳಿಯುತ್ತಿತ್ತು.

ಪಟ್ಟದಕಲ್ಲಿನಲ್ಲಿ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ದೇವಾಲಯವು ಈಗ ವಿರೂಪಾಕ್ಷ ದೇವಾಲಯವೆಂದು ಪ್ರಸಿದ್ಧವಾಗಿದೆ. ಅದನ್ನು ನಿರ್ಮಿಸಿದ ಅನಿವಾರಿತಾಚಾರಿಯಾದ ಗುಂಡನ ಹೆಸರೂ, ಅವನಿಗೆ ದೊರೆತ ತ್ರಿಭುವನಾಚಾರಿಯೆಂಬ ಬಿರುದೂ ಅಲ್ಲಿಯ ಕಲ್ಲಿನಲ್ಲಿವೆ. ೧೧೧೭ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಪ್ರತಿಷ್ಠೆ ಮಾಡಿಸಿದ ದೇವಾಲಯದ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಂತಮ್ಮ ಹೆಸರುಗಳನ್ನು ಕೆತ್ತಿಕೊಂಡಿದ್ದಾರೆ. ೧೨೫೮ರಲ್ಲಿ ಪ್ರತಿಷ್ಠಿತವಾದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಮಲ್ಲಿತಮ್ಮನ ಹೆಸರು ಅನೇಕ ಮೂರ್ತಿಗಳ ಪೀಠದಲ್ಲಿ ಮರಳಿ ಮರಳಿ ಕಾಣಸಿಗುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಈ ಶಿಲ್ಪಿಗಳು ತಮ್ಮ ಹೆಸರನ್ನು ವಿಗ್ರಹದ ಮುಖದ ಮೇಲೆ ಕೆತ್ತಲಿಲ್ಲ, ಪೀಠದಲ್ಲಿ ಕೆತ್ತಿದರು. ನೋಡುವವನ ಕಣ್ಣು ಮೊದಲು ಮೂರ್ತಿಗೆ ಹೋಗುವುದು, ಅನಂತರ ಹೆಸರಿಗೆ ಇಳಿಯುವುದು. ಕೃತಿ ಮೊದಲು, ಕರ್ತೃ ಬಳಿಕ ಎಂಬ ಈ ವಿನ್ಯಾಸವನ್ನು ಅವರಿಗೆ ಯಾವ ಪಾಠಶಾಲೆ ಕಲಿಸಿತೋ, ಅದನ್ನು ಈಗಿನ ತಾಣರಚಕರು ಕಲಿತರೆ ಲೇಸು.

ಇವೆಲ್ಲವನ್ನೂ ಮೀರಿಸುವ ಉದಾಹರಣೆಯು ಈಗ ತೆಲಂಗಾಣದಲ್ಲಿರುವ ಕುರ್ಕ್ಯಾಲ ಗ್ರಾಮದ ಸಮೀಪದ ಬೊಮ್ಮಲಗುಟ್ಟವೆಂಬ ಗುಡ್ಡದಲ್ಲಿದೆ. ಹತ್ತನೆಯ ಶತಮಾನದ ಆ ಬಂಡೆಶಾಸನವನ್ನು ಬರೆಯಿಸಿದವನು ಆದಿಕವಿ ಪಂಪನ ತಮ್ಮನಾದ ಜಿನವಲ್ಲಭನು. ಪಂಪನ ವಂಶ, ತಾಯಿಯಾದ ಅಬ್ಬಣಬ್ಬೆಯ ಹೆಸರು, ಅರಿಕೇಸರಿಯು ಪಂಪನಿಗೆ ಅಗ್ರಹಾರವನ್ನು ಕೊಟ್ಟ ಸಂಗತಿ, ಇವೆಲ್ಲವೂ ಅದರಲ್ಲಿವೆ. ಅದು ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಲ್ಲಿಯೂ ಇದೆ. ಆ ಪ್ರಾಂತದಲ್ಲಿ ಯಾರು ಬಂದು ಓದುವರೋ ಅವರವರಿಗೆ ತಿಳಿಯಲೆಂದು ತಮ್ಮನು ಅಣ್ಣನ ಕೀರ್ತಿಯನ್ನು ಮೂರು ನುಡಿಗಳಲ್ಲಿ ನಿಲ್ಲಿಸಿದನು. ಅದರ ಪಕ್ಕದಲ್ಲಿಯೇ ಜಿನಮೂರ್ತಿಗಳೂ ಚಕ್ರೇಶ್ವರಿಯ ಮೂರ್ತಿಯೂ ಉಂಟು. ಕವಿಯ ಪರಿಚಯ, ಬಹುಭಾಷೆ, ಚಿತ್ರ, ಮಾಡಿಸಿದವನ ಹೆಸರು ಎಂಬ ನಾಲ್ಕೂ ಸೇರಿದ ಈ ಬಂಡೆಯನ್ನು ಕನ್ನಡ ಕವಿಯೊಬ್ಬನ ಮೊದಲ ತಾಣವೆಂದು ಕರೆದರೆ ಅತಿಶಯೋಕ್ತಿಯಾಗದು. ಸಾವಿರ ವರ್ಷಗಳಿಗೂ ಹೆಚ್ಚು ಮಳೆ ಬಿಸಿಲುಗಳನ್ನು ತಾಳಿಕೊಂಡು ಅದು ಇಂದಿಗೂ ಓದಲು ಬರುತ್ತದೆ.

ಕೊಡಗಿನಲ್ಲಿಯೂ ಈ ಸಂಪ್ರದಾಯಕ್ಕೆ ಕೊರತೆಯಿಲ್ಲ. ಕಿಗ್ಗಟ್ಟುನಾಡಿನ ಪೆಗ್ಗೂರಿನ ಶಾಸನವು ಶಕವರ್ಷ ೮೯೯ರದು, ಎಂದರೆ ಕ್ರಿ.ಶ. ೯೭೮ರ ಸುಮಾರಿನದು. ಗಂಗರ ರಾಚಮಲ್ಲನ ಕಾಲದಲ್ಲಿ ರಕ್ಕಸನು ಬೆಳ್ಗೊಳದ ಅನಂತವೀರ್ಯರಿಗೆ ಕೊಟ್ಟ ದಾನವನ್ನು ಅದು ತಿಳಿಸುತ್ತದೆ. ಲೂಯಿ ರೈಸ್ ಮಹಾಶಯರು ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯ ಮೊದಲ ಸಂಪುಟವನ್ನು ೧೮೮೬ರಲ್ಲಿ ಹೊರಡಿಸಿದಾಗ ಅದನ್ನು ಕೊಡಗಿನ ಶಾಸನಗಳಿಗೇ ಮೀಸಲಿಟ್ಟರೆಂಬುದು ಈ ನಾಡಿನವರು ಮರೆಯಬಾರದ ವಿಷಯ.

೨. ಓಲೆಗರಿ ಮತ್ತು ಅಂಕಿತ

ಬಂಡೆಗೆ ಸ್ಥಿರತೆಯುಂಟು, ಚಲನೆಯಿಲ್ಲ. ಓಲೆಗೆ ಚಲನೆಯುಂಟು, ಸ್ಥಿರತೆಯಿಲ್ಲ. ಗೆದ್ದಲು, ಹುಳು, ತೇವ ಎಂಬ ಮೂವರು ಶತ್ರುಗಳು ಓಲೆಗೆ ಸದಾ ಕಾದಿರುವರು. ಕೊಡಗಿನಂತಹ ಮಳೆನಾಡಿನಲ್ಲಿ ಮೂರನೆಯ ಶತ್ರುವೇ ಪ್ರಬಲನು. ಆದಕಾರಣ ಓಲೆಯ ಗ್ರಂಥವು ಬದುಕಿದ್ದುದು ಮರುಪ್ರತಿಯಿಂದ. ಒಂದು ತಲೆಮಾರಿನ ಲಿಪಿಕಾರನು ಹಿಂದಿನ ಪ್ರತಿಯನ್ನು ನೋಡಿ ಹೊಸ ಪ್ರತಿಯನ್ನು ಬರೆಯದಿದ್ದರೆ ಆ ಕೃತಿ ಅಲ್ಲಿಗೇ ಮುಗಿಯುತ್ತಿತ್ತು. ಪ್ರತಿಯ ಕೊನೆಯಲ್ಲಿ ಲಿಪಿಕಾರನು ಸಂವತ್ಸರ, ಮಾಸ, ತಿಥಿ, ತನ್ನ ಹೆಸರು, ಯಾರ ಸಲುವಾಗಿ ಬರೆದುದು ಎಂಬುದನ್ನು ತಿಳಿಸಿ, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಓದುಗರನ್ನು ಬೇಡಿಕೊಳ್ಳುವುದು ವಾಡಿಕೆಯಾಗಿತ್ತು.

ಈ ಕಾಲದಲ್ಲಿ ಕನ್ನಡ ಕವಿಗಳು ಕಂಡುಕೊಂಡ ಇನ್ನೊಂದು ಉಪಾಯವೆಂದರೆ ಅಂಕಿತ. ಹನ್ನೆರಡನೆಯ ಶತಮಾನದ ಶರಣರ ವಚನಗಳು ಮುಗಿಯುವಲ್ಲಿ ಆಯಾ ವಚನಕಾರರ ಇಷ್ಟದೈವದ ನಾಮ ಬರುತ್ತದೆ. ಹರಿದಾಸರ ಪದಗಳಲ್ಲಿಯೂ ಹಾಗೆಯೇ. ಕೂಡಲಸಂಗಮದೇವನೆಂಬ ಅಂಕಿತವಿದ್ದರೆ ಬಸವಣ್ಣನವರದೆಂದೂ, ಪುರಂದರವಿಠಲನೆಂಬ ಅಂಕಿತವಿದ್ದರೆ ಪುರಂದರದಾಸರದೆಂದೂ ಎಲ್ಲರೂ ಅರಿಯುವರು. ಗ್ರಂಥದ ಮೊದಲ ಗರಿ ಕಳೆದುಹೋಗಲಿ, ಹಾಡು ಬಾಯಿಂದ ಬಾಯಿಗೆ ಹರಿದುಹೋಗಲಿ, ಕರ್ತೃವಿನ ಗುರುತು ಕೃತಿಯ ಒಡಲೊಳಗೇ ಇರುವುದರಿಂದ ಅದು ಅಳಿಯುವುದಿಲ್ಲ. ಈ ಕಾಲದಲ್ಲಿ ಚಿತ್ರವೊಂದನ್ನೋ ಕವಿತೆಯೊಂದನ್ನೋ ಯಾರೋ ತಮ್ಮ ಮೊಬೈಲಿನಿಂದ ಇನ್ನೊಬ್ಬರ ಮೊಬೈಲಿಗೆ ಕಳುಹಿಸಿ, ಅದು ಊರೂರು ಸುತ್ತಿ, ಕಡೆಗೆ ಕರ್ತೃವಿನ ಹೆಸರೇ ಇಲ್ಲದೆ ಮರಳಿ ಬರುವುದನ್ನು ಕಾಣುವಾಗ, ಅಂಕಿತವನ್ನು ಕಂಡುಹಿಡಿದವರ ದೂರದೃಷ್ಟಿ ಸ್ಪಷ್ಟವಾಗುತ್ತದೆ.

೩. ಅಚ್ಚಿನ ಮುಖಪತ್ರ

ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಹೆರ್ಮನ್ ಮೋಗ್ಲಿಂಗರು ೧೮೪೩ರ ಜುಲೈ ೧ರಂದು ಮಂಗಳೂರು ಸಮಾಚಾರವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರು. ಆ ಮಹನೀಯರೇ ಮುಂದೆ ೧೮೫೩ರಲ್ಲಿ ಕೊಡಗಿಗೆ ಬಂದು ನೆಲಸಿ, ೧೮೫೫ರಲ್ಲಿ ಕೊಡಗನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅಚ್ಚಿನೊಡನೆ ಮುಖಪತ್ರವೆಂಬ ಹೊಸ ವ್ಯವಸ್ಥೆ ಬಂದಿತು. ಗ್ರಂಥದ ಹೆಸರು, ಕರ್ತೃವಿನ ಹೆಸರು, ಮುದ್ರಿಸಿದ ಸ್ಥಳ, ಇಸವಿ, ಎಷ್ಟನೆಯ ಮುದ್ರಣ, ಬೆಲೆಯೆಷ್ಟು ಎಂಬುವು ಗೊತ್ತಾದ ಜಾಗದಲ್ಲಿ ಗೊತ್ತಾದ ಕ್ರಮದಲ್ಲಿ ಇರತೊಡಗಿದುವು. ಓದುಗನು ಹುಡುಕಬೇಕಾದ ಶ್ರಮ ತಪ್ಪಿತು.

ಅಚ್ಚಿನ ಯುಗದಲ್ಲಿ ಕವಿಗಳ ವಿಷಯವನ್ನು ಒಂದೆಡೆ ಸೇರಿಸಿದ ಮಹತ್ಕಾರ್ಯವೆಂದರೆ ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆ. ಅದರ ಮೂರು ಸಂಪುಟಗಳು ೧೯೦೭, ೧೯೧೯ ಮತ್ತು ೧೯೨೯ನೆಯ ಇಸವಿಗಳಲ್ಲಿ ಹೊರಬಂದುವು. ಕವಿಯ ಹೆಸರು, ಕಾಲ, ಮತ, ತಂದೆತಾಯಿಗಳು, ಗುರು, ಆಶ್ರಯದಾತ, ಗ್ರಂಥಗಳು, ಆ ಗ್ರಂಥಗಳ ಸ್ವರೂಪ, ಕಡೆಯಲ್ಲಿ ಮಾದರಿಗೆ ಕೆಲವು ಪದ್ಯಗಳು, ಹೀಗೆ ಅದರ ಕ್ರಮ. ಕವಿಯ ಮಾತನ್ನೇ ಸ್ವಲ್ಪವಾದರೂ ಓದುಗನ ಮುಂದಿಡದೆ ಕವಿಯನ್ನು ಕುರಿತು ಎಷ್ಟು ಹೇಳಿದರೂ ವ್ಯರ್ಥವೆಂಬುದನ್ನು ಆಚಾರ್ಯರು ತಿಳಿದಿದ್ದರು. ಈ ಒಂದು ಕ್ರಮವನ್ನು ಅನುಸರಿಸಿದರೂ ಸಾಕು, ಇಂದಿನ ಗ್ರಂಥಕರ್ತರ ತಾಣಗಳಲ್ಲಿ ಮುಕ್ಕಾಲು ಪಾಲು ಸುಧಾರಿಸುವುವು.

ಕೊಡಗಿನಲ್ಲಿ ಅಚ್ಚಿನ ಫಲವಾಗಿ ದೊರೆತ ನಿಧಿಯು ನಡಿಕೇರಿಯಂಡ ಚಿಣ್ಣಪ್ಪನವರ ಪಟ್ಟೋಲೆ ಪಳಮೆ. ಬಾಯಿಪಾಠದಲ್ಲಿದ್ದ ಕೊಡವ ಹಾಡುಗಳನ್ನೂ ಪದ್ಧತಿಗಳನ್ನೂ ಅವರು ಕಲೆಹಾಕಿ, ೧೯೨೪ರಲ್ಲಿ ಕನ್ನಡ ಲಿಪಿಯಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲೇ ಅಪ್ಪನೆರವಂಡ ಹರದಾಸ ಅಪ್ಪಚ್ಚ ಕವಿಗಳು (೧೮೬೮-೧೯೪೪) ೧೯೦೬ರಲ್ಲಿ ಯಯಾತಿರಾಜನ ಕಥೆಯನ್ನು ಕೊಡವ ಭಾಷೆಯಲ್ಲಿ ನಾಟಕವಾಗಿ ರಚಿಸಿದ್ದರು. ಹಾಡಿದವರ ಕೊರಳು ಅಡಗಿಹೋದ ಮೇಲೂ ಹಾಡು ಉಳಿದಿರುವುದು ಚಿಣ್ಣಪ್ಪನವರಂಥವರು ಸಕಾಲದಲ್ಲಿ ಅಚ್ಚುಹಾಕಿಸಿದುದರಿಂದ.

೪. ಜಾಲದ ಆಗಮನ

ಸ್ವಿಟ್ಸರ್ಲೆಂಡಿನ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿಯು ನಿರ್ಮಿಸಿದ ಪ್ರಪಂಚದ ಮೊದಲ ಜಾಲತಾಣವು ೧೯೯೧ರಲ್ಲಿ ಲೋಕಕ್ಕೆ ತೆರೆಯಿತು. ಭಾರತದಲ್ಲಿ ೧೯೯೫ರ ಆಗಸ್ಟ್ ೧೫ರಂದು ಅಂತರ್ಜಾಲವು ಜನಸಾಮಾನ್ಯರಿಗೆ ದೊರೆಯಿತು. ಮರುವರ್ಷವೇ, ಎಂದರೆ ೧೯೯೬ರಲ್ಲಿ, ಡಾ. ಯು. ಬಿ. ಪವನಜರು ವಿಶ್ವಕನ್ನಡವೆಂಬ ಕನ್ನಡ ಜಾಲಪತ್ರಿಕೆಯನ್ನು ಆರಂಭಿಸಿದರು. ಈ ವಿಷಯದಲ್ಲಿ ಕನ್ನಡಿಗರು ಹಿಂದೆ ಬಿದ್ದವರಲ್ಲ.

ಆ ಮೊದಲ ದಶಕದ ತಾಣಗಳ ರೂಪವನ್ನು ನೆನೆದರೆ ನಗು ಬರುವುದು. ಓಡುವ ಅಕ್ಷರಗಳು, ಮಿನುಗುವ ನಕ್ಷತ್ರಗಳು, ಬಂದವರ ಸಂಖ್ಯೆಯನ್ನು ತೋರುವ ಯಂತ್ರ, ಬಾಗಿಲಲ್ಲಿಯೇ ಮೊಳಗುವ ಸಂಗೀತ ಇತ್ಯಾದಿ ಆಡಂಬರಗಳು ಅಂದು ಎಲ್ಲೆಲ್ಲಿಯೂ ಇದ್ದುವು. ಆದರೆ ನಗು ಬರಿಸುವ ದೋಷಗಳಿಗಿಂತ ಕಣ್ಣೀರು ತರಿಸುವ ದೋಷ ಬೇರೊಂದಿತ್ತು. ಆಗ ಕನ್ನಡ ಅಕ್ಷರಗಳಿಗೆ ಎಲ್ಲ ಗಣಕಯಂತ್ರಗಳೂ ಒಪ್ಪಿದ ಒಂದೇ ಸಂಕೇತಕ್ರಮ ಬಳಕೆಯಲ್ಲಿರಲಿಲ್ಲ. ಒಬ್ಬೊಬ್ಬರ ಫಾಂಟಿಗೂ ಒಂದೊಂದು ಕ್ರಮ. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದರು. ಆ ಫಾಂಟು ಯಂತ್ರದಲ್ಲಿದ್ದವರಿಗೆ ಕವಿತೆ. ಇಲ್ಲದವರಿಗೆ ಅರ್ಥವಿಲ್ಲದ ಚಿಹ್ನೆಗಳ ರಾಶಿ.

ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿತ್ತು. ಆದರೆ ಅದು ಜನರ ಯಂತ್ರಗಳಲ್ಲಿ ಕೆಲಸಮಾಡತೊಡಗಿದುದು ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಕನ್ನಡ ಅಕ್ಷರರೂಪ ಬಂದಮೇಲೆ. ನಡುವಣ ಹತ್ತು ವರ್ಷಗಳಲ್ಲಿ, ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಮುಂತಾದ ತಂತ್ರಾಂಶಗಳು ಕನ್ನಡಿಗರ ಕೈಹಿಡಿದು ನಡೆಸಿದುವು. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಯೂನಿಕೋಡಿನಲ್ಲಿಯೇ ಬೆಳೆಯಿತು. ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಪುಟಗಳನ್ನು ಹೊಸ ಕ್ರಮಕ್ಕೆ ತಿರುಗಿಸಿಕೊಂಡವರ ಬರಹ ಉಳಿಯಿತು; ತಿರುಗಿಸದವರದು ಕಣ್ಣೆದುರಿಗಿದ್ದೂ ಓದಲು ಬಾರದಂತಾಯಿತು. ಇದು ಮರುಪ್ರತಿ ಕಾಣದ ಓಲೆಯ ಗತಿಯೇ ಅಲ್ಲವೇ!

ಬೇರೆ ದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದ ಜಿಯೋಸಿಟೀಸ್ ಎಂಬ ಸಂಸ್ಥೆಯು ಯಾರು ಬೇಕಾದರೂ ಬಿಟ್ಟಿಯಾಗಿ ತಾಣ ಮಾಡಿಕೊಳ್ಳಲು ೧೯೯೪ರಿಂದ ಎಡೆಗೊಟ್ಟಿತ್ತು. ಕವಿಗಳೂ ಚಿತ್ರಕಾರರೂ ಲೆಕ್ಕವಿಲ್ಲದಷ್ಟು ಪುಟಗಳನ್ನು ಅಲ್ಲಿ ಕಟ್ಟಿದರು. ೨೦೦೯ರಲ್ಲಿ ಅದರ ಒಡೆಯರಾಗಿದ್ದ ಯಾಹೂ ಸಂಸ್ಥೆಯವರು ಅದನ್ನು ಮುಚ್ಚಿದರು. ಕೆಲವು ಉತ್ಸಾಹಿಗಳೂ, ೧೯೯೬ರಲ್ಲಿ ಸ್ಥಾಪಿತವಾದ ಇಂಟರ್ನೆಟ್ ಆರ್ಕೈವ್ ಎಂಬ ಜಾಲಭಂಡಾರದವರೂ ನಕಲುಮಾಡಿಕೊಂಡಷ್ಟು ಮಾತ್ರ ಉಳಿಯಿತು. ಕಲಾವಿದರ ತಾಣಗಳಿಗೆ ಒದಗಿದ ಆಪತ್ತು ಇನ್ನೊಂದು ಬಗೆಯದು. ಚಲಿಸುವ ಚಿತ್ರಗಳಿಂದ ಮನಸ್ಸೆಳೆಯಬೇಕೆಂದು ಅನೇಕರು ಫ್ಲ್ಯಾಶ್ ಎಂಬ ತಂತ್ರದಿಂದ ತಾಣವನ್ನು ಪೂರ್ತಿಯಾಗಿ ಕಟ್ಟಿಸಿದ್ದರು. ೨೦೨೦ರ ಡಿಸೆಂಬರ್ ೩೧ಕ್ಕೆ ಅದರ ಒಡೆಯರು ಆ ತಂತ್ರಕ್ಕೆ ಮಂಗಳ ಹಾಡಿದರು. ಬೆಡಗನ್ನೇ ನಂಬಿ ಕಟ್ಟಿದ ತಾಣಗಳು ಬರಿಯ ಬಿಳಿಯ ಪರದೆಯಾದುವು. ಸಾದಾ ಅಕ್ಷರಗಳಲ್ಲಿ ಬರೆದ ೧೯೯೧ರ ಪುಟಗಳಾದರೋ ಈಗಲೂ ತೆರೆಯುತ್ತವೆ.

೫. ಗುಣದೋಷವಿವೇಚನೆ

ಶಾಸ್ತ್ರಗ್ರಂಥಗಳ ಆರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳುವ ಪದ್ಧತಿಯುಂಟು. ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬುವೇ ಆ ನಾಲ್ಕು. ಯಾರಿಗಾಗಿ, ಏನನ್ನು, ಯಾವ ಹೊಂದಿಕೆಯಿಂದ, ಯಾವ ಫಲಕ್ಕಾಗಿ ಹೇಳಲಾಗಿದೆ ಎಂಬುದನ್ನು ತಿಳಿಯದೆ ಯಾವನೂ ಗ್ರಂಥದಲ್ಲಿ ಪ್ರವರ್ತಿಸನು. ಕವಿ-ಕಲಾವಿದರ ಜಾಲತಾಣಗಳನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇರೊಂದಿಲ್ಲ.

ಮೊದಲನೆಯದು ಅಧಿಕಾರಿ. ತಾಣಕ್ಕೆ ಬರುವವರು ಯಾರು? ಪರೀಕ್ಷೆಗೆ ಟಿಪ್ಪಣಿ ಬರೆಯುವ ವಿದ್ಯಾರ್ಥಿ, ಪುಸ್ತಕ ಕೊಳ್ಳಬೇಕೆಂಬವನು, ಸಂಶೋಧಕ, ದೂರದೇಶದಲ್ಲಿರುವ ಕನ್ನಡಿಗ, ಇವರೆಲ್ಲರೂ ಬರುವರು. ಬಹುಮಂದಿ ಅಂಗೈಯಗಲದ ಮೊಬೈಲಿನಲ್ಲಿ ನೋಡುವರು. ಕಕ್ಕಡದ ಮಳೆಯಲ್ಲಿ ತಂತಿ ಕಡಿದು, ಸಂಕೇತ ಕ್ಷೀಣವಾಗಿರುವಾಗ ಗೋಣಿಕೊಪ್ಪಲಿನ ಸುತ್ತಣ ತೋಟಗಳಲ್ಲಿ ಕುಳಿತು ನೋಡುವವನಿಗೆ, ಭಾರಿ ಚಿತ್ರಗಳನ್ನು ಹೊತ್ತ ಪುಟವು ತೆರೆಯುವುದೇ ಇಲ್ಲ. ಕಣ್ಣಿಲ್ಲದವರಿಗೆ ಪುಟವನ್ನು ಗಟ್ಟಿಯಾಗಿ ಓದಿಹೇಳುವ ಯಂತ್ರಗಳುಂಟು. ಚಿತ್ರದೊಡನೆ ಅದರ ವಿವರವನ್ನು ಅಕ್ಷರದಲ್ಲಿ ಬರೆದಿಟ್ಟರೆ ಮಾತ್ರ ಆ ಯಂತ್ರ ಅದನ್ನು ಹೇಳಬಲ್ಲುದು. ಈ ನಿಯಮವನ್ನು ಜಾಲದ ಪ್ರಮಾಣಗಳನ್ನು ಗೊತ್ತುಪಡಿಸುವ ಸಂಸ್ಥೆಯವರು ೧೯೯೯ರಲ್ಲಿಯೇ ವಿಧಿಸಿರುವರು. ಕವಿತೆಯನ್ನು ಅಕ್ಷರವಾಗಿ ಬರೆಯದೆ ಚಿತ್ರವಾಗಿ ತೆಗೆದು ಅಂಟಿಸುವ ಕೆಟ್ಟ ಪದ್ಧತಿಯಿಂದ ಅಂಧರಿಗೂ ತಿಳಿಯದು, ಹುಡುಕುವವರಿಗೂ ಸಿಕ್ಕದು.

ಎರಡನೆಯದು ವಿಷಯ. ಗ್ರಂಥಕರ್ತರ ತಾಣದಲ್ಲಿ ಗ್ರಂಥಗಳಿರಬೇಕು. ಸನ್ಮಾನದ ಶಾಲು ಹೊದ್ದ ಭಾವಚಿತ್ರಗಳು ನಲವತ್ತಿದ್ದು, ಗ್ರಂಥಗಳ ಪಟ್ಟಿಯಲ್ಲಿ ಪ್ರಕಟಣೆಯ ಇಸವಿಯೇ ಇಲ್ಲದಿದ್ದರೆ ಅದು ತಾಣವಲ್ಲ, ಸನ್ಮಾನಪತ್ರ. ಚಿತ್ರಕಾರರ ತಾಣದಲ್ಲಿಯಾದರೆ ಪ್ರತಿಯೊಂದು ಚಿತ್ರದ ಕೆಳಗೂ ಅದರ ಹೆಸರು, ಬರೆದ ವರ್ಷ, ಎಣ್ಣೆವರ್ಣವೋ ಜಲವರ್ಣವೋ ಎಂಬುದು, ಉದ್ದಗಲಗಳ ಅಳತೆ ಇವಿಷ್ಟೂ ಇರತಕ್ಕದ್ದು. ಪರದೆಯ ಮೇಲೆ ಆಳೆತ್ತರದ ಚಿತ್ರವೂ ಅಂಗೈಯಗಲದ ಚಿತ್ರವೂ ಒಂದೇ ಗಾತ್ರದಲ್ಲಿ ಕಾಣುವುವು. ಅಳತೆಯನ್ನು ಹೇಳದಿದ್ದರೆ ನೋಡುವವನು ಮೋಸಹೋಗುವನು.

ಮೂರನೆಯದು ಸಂಬಂಧ. ಪುಟಪುಟಕ್ಕೂ ಇರುವ ಕೊಂಡಿ ಸರಿಯಾಗಿರಬೇಕೆಂಬುದು ಇದರ ಬಾಹ್ಯಾರ್ಥ. ತಾಣವನ್ನು ನಡೆಸುವವರು ಯಾರು, ಗ್ರಂಥಕರ್ತರೇ, ಮಕ್ಕಳೇ, ಪ್ರಕಾಶಕರೇ, ಅಭಿಮಾನಿಗಳೇ ಎಂಬುದನ್ನು ಮುಚ್ಚದೆ ಹೇಳಬೇಕೆಂಬುದು ಅಂತರಾರ್ಥ. ಕುರ್ಕ್ಯಾಲದಲ್ಲಿ ಜಿನವಲ್ಲಭನು ತನ್ನ ಹೆಸರನ್ನು ಮರೆಮಾಡಲಿಲ್ಲ. ತಮ್ಮನು ಹೇಳಿದ ಮಾತೆಂದು ತಿಳಿದಿರುವುದರಿಂದಲೇ ಅದನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ವಿದ್ವಾಂಸರು ನಿರ್ಣಯಿಸಬಲ್ಲರು.

ನಾಲ್ಕನೆಯದು ಪ್ರಯೋಜನ. ಬಂದವನು ಹೋಗುವಾಗ ಏನನ್ನು ಕೊಂಡೊಯ್ಯುವನು? ಒಂದು ಕಥೆಯನ್ನೋ, ಒಂದು ಸಂಗತಿಯನ್ನೋ, ಪುಸ್ತಕ ದೊರೆಯುವ ಸ್ಥಳವನ್ನೋ ಅರಿತು ಹೋದರೆ ತಾಣವು ಸಾರ್ಥಕ. ಕರ್ತೃವಿನ ಯಶಸ್ಸೊಂದೇ ಪ್ರಯೋಜನವಾದರೆ ಅದು ಕರ್ತೃವಿಗೂ ನಿಲ್ಲದು.

ಈ ಒರೆಗಲ್ಲಿಗೆ ಹಚ್ಚಿ ನೋಡಲು ಯೋಗ್ಯವಾದ ನಿದರ್ಶನವು ಕಾಮತರ ತಾಣ. ಹೊನ್ನಾವರದವರಾದ ಡಾ. ಕೃಷ್ಣಾನಂದ ಕಾಮತರು (೧೯೩೪-೨೦೦೨) ಕನ್ನಡ ಲೇಖಕರೂ ವಿಜ್ಞಾನಿಗಳೂ ಚಿತ್ರಕಾರರೂ ಛಾಯಾಗ್ರಾಹಕರೂ ಆಗಿದ್ದರು. ಕರಾವಳಿಯ ಕಾವಿ ಕಲೆಯನ್ನು ಊರೂರು ಅಲೆದು ದಾಖಲಿಸಿದವರು ಅವರು. ಅವರ ಪತ್ನಿ ಡಾ. ಜ್ಯೋತ್ಸ್ನಾ ಕಾಮತರು ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದ ಇತಿಹಾಸಜ್ಞೆ. ಇವರ ಲೇಖನಗಳನ್ನೂ ಚಿತ್ರಗಳನ್ನೂ ಮಗ ವಿಕಾಸ ಕಾಮತರು ೧೯೯೦ರ ದಶಕದಲ್ಲಿಯೇ ಜಾಲಕ್ಕೆ ಏರಿಸತೊಡಗಿದರು. ಆ ತಾಣದ ರೂಪ ಸಾದಾ, ಬೆಡಗಿಲ್ಲ. ಆದರೆ ಪುಟದಡಿಯಲ್ಲಿ ಅದು ಮೊದಲು ಯಾವಾಗ ಪ್ರಕಟವಾಯಿತು, ಕಡೆಯ ಬಾರಿ ಯಾವಾಗ ತಿದ್ದಲಾಯಿತು ಎಂಬ ದಿನಾಂಕಗಳನ್ನು ಕೊಡುವ ಪದ್ಧತಿಯನ್ನು ಅದು ಇರಿಸಿಕೊಂಡಿತು. ಶಾಸನದ ಶಕವರ್ಷಕ್ಕೂ ಲಿಪಿಕಾರನ ತಿಥಿಗೂ ಇದು ನೇರ ವಾರಸುದಾರ. ಚಿತ್ರವನ್ನು ತೆಗೆದವರ ಹೆಸರೂ ಅಲ್ಲಿರುತ್ತದೆ. ವಿಷಯಗಳ ನಡುವೆ ಕೊಂಡಿಗಳು ಧಾರಾಳ. ಕುಂದೆಂದರೆ, ಪುಟಗಳು ಕಿಕ್ಕಿರಿದಿರುವುದು ಮತ್ತು ಬಹುಪಾಲು ಬರಹ ಇಂಗ್ಲಿಷಿನಲ್ಲಿರುವುದು. ಮೂರು ಭಾಷೆಗಳಲ್ಲಿ ಬರೆಯಿಸಿದ ಜಿನವಲ್ಲಭನು ಈ ಒಂದು ವಿಷಯದಲ್ಲಿ ಮೇಲುಗೈ. ಆದರೂ ತಂದೆ ಕಾಲವಾದ ಬಳಿಕವೂ ಮಗನು ತಾಣವನ್ನು ಆರಿಸದೆ ಕಾಪಾಡಿದುದು ಎಲ್ಲ ಕುಂದನ್ನೂ ಮರೆಯಿಸುತ್ತದೆ.

ಕೊಡಗಿನ ನಿದರ್ಶನವೂ ಇಂಥದೇ. ಪಟ್ಟೋಲೆ ಪಳಮೆಯ ಚಿಣ್ಣಪ್ಪನವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಅಜ್ಜನ ಗ್ರಂಥವನ್ನು ಇಂಗ್ಲಿಷಿಗೆ ಅನುವಾದಿಸಿ ೨೦೦೩ರಲ್ಲಿ ಪ್ರಕಟಿಸಿದರು. ಅನಂತರ ಕೊಡಗಿನ ಐನ್‌ಮನೆಗಳನ್ನು ಹುಡುಕಿ, ಸಂದರ್ಶಿಸಿ, ವಿವರಗಳನ್ನು ಸಂಗ್ರಹಿಸಿ, ೨೦೧೪ರಲ್ಲಿ ಪುಸ್ತಕವಾಗಿ ಹೊರಡಿಸಿದುದಲ್ಲದೆ ಜಾಲತಾಣವೊಂದನ್ನೂ ನಿರ್ಮಿಸಿದರು. ಕಾಗದವನ್ನೂ ಜಾಲವನ್ನೂ ಎರಡನ್ನೂ ಕೈಬಿಡದ ಈ ಕ್ರಮವು ಅತ್ಯಂತ ವಿವೇಕದ್ದು. ಒಂದಕ್ಕೆ ಕೇಡು ಬಂದರೆ ಇನ್ನೊಂದು ಉಳಿದೀತು.

೬. ಕೊಡಗಿನ ಹಿತಚಿಂತನೆ

ಇಷ್ಟನ್ನು ಹೇಳಿದುದು ಸುಮ್ಮನೆ ಕುತೂಹಲಕ್ಕಾಗಿ ಅಲ್ಲ. ೨೦೧೧ರ ಜನಗಣತಿಯ ಪ್ರಕಾರ ಕೊಡವ ಭಾಷೆಯನ್ನು ತಾಯ್ನುಡಿಯೆಂದು ಹೇಳಿದವರು ಸುಮಾರು ೧,೧೪,೦೦೦ ಮಂದಿ. ಯುನೆಸ್ಕೋ ಸಂಸ್ಥೆಯು ಅದನ್ನು ಅಪಾಯದಲ್ಲಿರುವ ಭಾಷೆಗಳ ಪಟ್ಟಿಗೆ ಸೇರಿಸಿದೆ. ಇಂಥ ಭಾಷೆಯ ಲೇಖಕರ ತಾಣವೊಂದು ಆರಿಹೋದರೆ, ಆ ನಷ್ಟವು ದೊಡ್ಡ ಭಾಷೆಯ ನಷ್ಟದಂತಲ್ಲ. ಸಾವಿರ ದೀಪಗಳ ಮನೆಯಲ್ಲಿ ಒಂದು ಆರಿದರೆ ಬೆಳಕುಂಟು. ಎರಡೇ ದೀಪಗಳ ಮನೆಯಲ್ಲಿ ಒಂದು ಆರಿದರೆ ಅರ್ಧ ಕತ್ತಲೆ.

ಹೆಸರಿನ ತೊಡಕು ಇನ್ನೊಂದು. ಕೊಡಗಿನ ಗೌರಮ್ಮನವರು ೧೯೧೨ರಲ್ಲಿ ಹುಟ್ಟಿ ೧೯೩೯ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿಯೇ ನೀರುಪಾಲಾದರು. ಅವರ ಕಂಬನಿ, ಚಿಗುರು ಎಂಬ ಸಂಕಲನಗಳು ಬೆಳಕು ಕಂಡುದು ಅವರು ಕಾಲವಾದಮೇಲೆ. ಅವರು ಕಥೆಗಳನ್ನು ಬರೆದುದು ಮಿಸೆಸ್ ಬಿ. ಟಿ. ಜಿ. ಕೃಷ್ಣ ಎಂಬ ಹೆಸರಿನಿಂದ. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರು ಕವಿಶಿಷ್ಯರೆಂಬ ಹೆಸರಿನಿಂದ ಬರೆದರು, ಎಸ್. ಆರ್. ನಾರಾಯಣರಾಯರು ಭಾರತೀಸುತರೆಂದೇ ಪ್ರಸಿದ್ಧರು. ಕೊಡವರಲ್ಲಿ ಮನೆತನದ ಹೆಸರು ಮುಂದೆ, ವ್ಯಕ್ತಿಯ ಹೆಸರು ಹಿಂದೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬೊಬ್ಬರ ಅಕ್ಷರಸಂಯೋಜನೆ ಒಂದೊಂದು. ಇಂಥವರ ತಾಣದಲ್ಲಿ ಎ��್ಲ ಹೆಸರುಗಳನ್ನೂ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಒಂದೇ ಪುಟದಲ್ಲಿ ಬರೆಯದಿದ್ದರೆ, ಹುಡುಕುವ ಯಂತ್ರವು ಒಬ್ಬರನ್ನೇ ಮೂವರನ್ನಾಗಿ ಎಣಿಸುವುದು. ಇಲ್ಲವೇ ಯಾರನ್ನೂ ಕಾಣದೆ ಹಿಂದಿರುಗುವುದು.

ತಾಣದ ವಿಳಾಸವು ಕೊಂಡ ಆಸ್ತಿಯಲ್ಲ, ಕಾಲಕಾಲಕ್ಕೆ ಬಾಡಿಗೆ ತೆರಬೇಕಾದ ಮನೆ. ಲೇಖಕರು ಬದುಕಿರುವವರೆಗೆ ಬಾಡಿಗೆ ಸಲ್ಲುವುದು. ಅವರು ಕಾಲವಾದ ಬಳಿಕ ಮಕ್ಕಳಿಗೆ ಗುಪ್ತಪದವೇ ತಿಳಿದಿರುವುದಿಲ್ಲ. ವಾಯಿದೆ ಮುಗಿದೊಡನೆ ಆ ವಿಳಾಸವನ್ನು ಬೇರಾರೋ ಹಿಡಿದು ಅಲ್ಲಿ ತಮ್ಮ ಸರಕನ್ನು ಮಾರುವರು. ನಿನ್ನೆ ಕವಿತೆಯಿದ್ದೆಡೆಯಲ್ಲಿ ಇಂದು ಜೂಜಿನ ಜಾಹೀರಾತು! ಆದುದರಿಂದ ಜಾಲತಾಣವನ್ನು ಮಾಡಿಸುವ ಮಹನೀಯರು, ಬಣ್ಣವನ್ನು ಆರಿಸುವ ಮೊದಲೇ, ತಮ್ಮ ತರುವಾಯ ಅದನ್ನು ನೋಡಿಕೊಳ್ಳುವವರು ಯಾರೆಂಬುದನ್ನು ನಿಶ್ಚಯಿಸತಕ್ಕದ್ದು. ಮರಣಶಾಸನದಲ್ಲಿ ತೋಟದ ಪಾಲನ್ನು ಬರೆಯುವವರು ತಾಣದ ಗುಪ್ತಪದವನ್ನೂ ಒಂದು ಸಾಲಿನಲ್ಲಿ ಸೂಚಿಸಿದರೆ ತಪ್ಪೇನೂ ಇಲ್ಲ.

ಸಂಘಗಳೂ ಗ್ರಂಥಾಲಯಗಳೂ ಕಾಲೇಜುಗಳೂ ಈ ವಿಷಯದಲ್ಲಿ ಲಿಪಿಕಾರರ ಕೆಲಸವನ್ನು ವಹಿಸಬಹುದು. ಜಿಲ್ಲೆಯ ಲೇಖಕರ ಮತ್ತು ಕಲಾವಿದರ ತಾಣಗಳ ಪಟ್ಟಿಯೊಂದನ್ನು ಮಾಡುವುದು, ವರ್ಷಕ್ಕೊಮ್ಮೆ ಅವು ತೆರೆಯುತ್ತವೆಯೇ ಎಂದು ನೋಡುವುದು, ಇಂಟರ್ನೆಟ್ ಆರ್ಕೈವಿನಲ್ಲಿ ಅವುಗಳ ನಕಲು ನಿಲ್ಲುವಂತೆ ಸಲ್ಲಿಸುವುದು, ಮುಖ್ಯ ಪುಟಗಳನ್ನು ಕಾಗದದಲ್ಲಿ ಮುದ್ರಿಸಿ ಇರಿಸುವುದು, ಹಳೆಯ ಫಾಂಟಿನಲ್ಲಿರುವ ಬರಹಗಳನ್ನು ಯೂನಿಕೋಡಿಗೆ ತಿರುಗಿಸಿಕೊಡುವುದು, ಇವು ಯಾವುವೂ ದೊಡ್ಡ ವೆಚ್ಚದ ಕೆಲಸಗಳಲ್ಲ. ಇಬ್ಬರು ಶ್ರದ್ಧಾವಂತ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ಮಾಡಬಲ್ಲರು. ಹಿಂದೆ ಗ್ರಂಥದ ಪ್ರತಿಮಾಡಿಸಿ ದಾನಮಾಡುವುದು ಪುಣ್ಯಕಾರ್ಯವೆನಿಸಿತ್ತು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಸಾವಿರ ಪ್ರತಿಗಳನ್ನು ಮಾಡುವುದು ಈಗ ಒಂದು ಗಳಿಗೆಯ ಕೆಲಸ. ಮಾಡುವ ಮನಸ್ಸು ಮಾತ್ರ ಅತ್ತಿಮಬ್ಬೆಯದಾಗಬೇಕು.

ಸಾರಾಂಶವಿಷ್ಟು. ಕೃತಿಯನ್ನು ಮುಂದಿಟ್ಟು ಕರ್ತೃವನ್ನು ಪೀಠದಲ್ಲಿಡುವುದು, ಕಾಲವನ್ನು ನಮೂದಿಸುವುದು, ಓದುಗರ ನುಡಿಯಲ್ಲಿ ಹೇಳುವುದು, ಹೇಳಿದವರ ಹೆಸರನ್ನು ಮರೆಯಿಸದಿರುವುದು, ಕೃತಿಯೊಳಗೇ ಅಂಕಿತವನ್ನು ಇಡುವುದು, ತಲೆಮಾರಿಗೊಮ್ಮೆ ಮರುಪ್ರತಿ ಮಾಡುವುದು ಎಂಬ ಆರು ಧರ್ಮಗಳನ್ನು ಪೂರ್ವಿಕರು ಕಲ್ಲಿನಲ್ಲಿಯೂ ಓಲೆಯಲ್ಲಿಯೂ ಕಾಗದದಲ್ಲಿಯೂ ಪಾಲಿಸಿದರು. ಬೆಳಕಿನ ಪರದೆಗೂ ಧರ್ಮಗಳು ಇವೇ. ಇವುಗಳಿದ್ದ ತಾಣವು ಸಾದಾ ಆಗಿದ್ದರೂ ಸುಂದರ. ಇಲ್ಲದ ತಾಣವು ಎಷ್ಟು ಮಿನುಗಿದರೂ ಮಿಂಚುಹುಳು. ಕೊಡಗಿನ ಬರಹಗಾರರೂ ಚಿತ್ರಕಾರರೂ ತಮ್ಮ ಪುಟಗಳನ್ನು ಕಟ್ಟುವಾಗ ಇಂದಿನ ಮೆಚ್ಚಿಕೆಯೊಂದನ್ನೇ ಬಯಸದೆ, ನೂರು ವರ್ಷಗಳ ಬಳಿಕ ಹುಡುಕಿ ಬರುವ ಮೊಮ್ಮಗಳೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಲಿ. ಅವಳಿಗೆ ಓದಲು ಬಂದರೆ ಸಾಕು.